ಮನೆಹೆಸರೇ ಬೀಗದ ಕೈಯಾದಾಗ

ಕೊಡವರಲ್ಲಿ ವ್ಯಕ್ತಿಯ ಹೆಸರಿಗಿಂತ ಮುಂಚೆ ಮನೆತನದ ಹೆಸರು ಬರುತ್ತದೆ. ಅದು ಸಂತೆಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಎಲ್ಲರಿಗೂ ತಿಳಿದಿರತಕ್ಕ ಸಂಗತಿ. ಆದರೆ ಆ ಹೆಸರನ್ನು ಬಲ್ಲವನು ಯಾರೇ ಆಗಲಿ, ಅದನ್ನು ಉಚ್ಚರಿಸಿದೊಡನೆ ಐನ್‌ಮನೆಯ ಬಾಗಿಲು ತೆರೆದುಕೊಳ್ಳುವುದಾದರೆ? 2016ರಲ್ಲಿ ನಿಸ್ಸಾನ್ ಕಂಪನಿಯ ಲೀಫ್ ಎಂಬ ವಿದ್ಯುತ್ ಕಾರಿಗೆ ಒದಗಿದ ಗತಿ ಹೆಚ್ಚುಕಡಿಮೆ ಇದೇ. ಮುಂಗಾಜಿನ ಕೆಳಗೆ, ದಾರಿಹೋಕರಿಗೂ ಕಾಣುವಂತೆ ಬರೆದಿರುವ ಕಾರಿನ ಸಂಖ್ಯೆಯೊಂದನ್ನೇ ಕೇಳಿ ಆ ಕಾರಿನ ಮೊಬೈಲ್ ಆ್ಯಪ್ ತೃಪ್ತಿಗೊಳ್ಳುತ್ತಿತ್ತು. ಒಂದು ಕಾರಿಗೂ ಇನ್ನೊಂದಕ್ಕೂ ಕಡೆಯ ಐದು ಅಂಕೆಗಳಷ್ಟೇ ಭೇದ! ಟ್ರಾಯ್ ಹಂಟ್ ಎಂಬ ತಜ್ಞರು ಆಸ್ಟ್ರೇಲಿಯದಲ್ಲಿ ಕುಳಿತು, ಇಂಗ್ಲೆಂಡಿನಲ್ಲಿ ನಿಂತಿದ್ದ ಗೆಳೆಯರ ಕಾರಿನ ಶಾಖಯಂತ್ರವನ್ನು ನಡೆಸಿ ತೋರಿಸಿದರು. ಕಂಪನಿ ಆ ಆ್ಯಪನ್ನು ಕೆಲಕಾಲ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ನಮ್ಮ ನಾಡಿಗೂ ಈ ಕಥೆ ಹೊರಗಿನದಲ್ಲ. ಬೆಂಗಳೂರಿನ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. 2010ರಲ್ಲಿ ಆ ಕಂಪನಿ ಮಹೀಂದ್ರದ ವಶವಾಯಿತು. 2013ರಲ್ಲಿ ಹೊರಬಂದ ಇ2ಒ ಕಾರು ಫೋನಿನ ಮಾತನ್ನು ಕೇಳಬಲ್ಲದಾಗಿತ್ತು. ಬ್ಯಾಟರಿ ಬರಿದಾದರೆ, ಒಳಗೆ ಕಾಯ್ದಿರಿಸಿದ ಅಲ್ಪ ವಿದ್ಯುತ್ತನ್ನು ದೂರದಿಂದಲೇ ಬಿಡಿಸಿಕೊಳ್ಳುವ ಏರ್ಪಾಡೂ ಅದರಲ್ಲಿತ್ತು. ಆಷಾಢದ ಮಳೆಯಲ್ಲಿ ಸಂಪಾಜೆಯ ಘಟ್ಟವನ್ನು ಹತ್ತುವವನಿಗೆ ಇಂಥದು ವರವೇ ಸರಿ. ಆದರೆ ದೂರದ ಅಪ್ಪಣೆಗೆ ಓಗೊಡುವ ಯಂತ್ರ, ಅಪ್ಪಣೆ ಯಾರದೆಂದು ವಿಚಾರಿಸುವುದನ್ನೂ ಕಲಿತಿರಬೇಕಷ್ಟೆ.

ಈ ವಿಚಾರಣೆಯೇ ಕಾರುಗಳ ಹುಟ್ಟುಗುಣದಲ್ಲಿಲ್ಲ. ಇಂದಿನ ಕಾರಿನೊಳಗೆ ಹತ್ತಾರು ಪುಟ್ಟ ಗಣಕಗಳುಂಟು. ಅವು ಮಾತನಾಡಿಕೊಳ್ಳುವ ಕ್ಯಾನ್ ಎಂಬ ತಂತಿವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿತು. ಕೂಡುಕುಟುಂಬದ ನಡುಮನೆಯಲ್ಲಿ ಕೂಗಿ ಹೇಳಿದಂತೆ, ಅಲ್ಲಿ ಯಾರ ದನಿಯೆಂದು ಪರೀಕ್ಷಿಸುವ ಕಟ್ಟಳೆಯಿರಲಿಲ್ಲ. ಬಾಗಿಲು ಮುಚ್ಚಿದ ಮನೆಗೆ ಅದು ಸಾಕಾಗಿತ್ತು. ಹೊರಜಗತ್ತಿನ ಜಾಲ ಕಾರನ್ನು ಹೊಕ್ಕಾಗ ತೊಡಕು ಮೊದಲಾಯಿತು. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ಅಮೆರಿಕದ ಸಂಶೋಧಕರು, ಪತ್ರಕರ್ತರೊಬ್ಬರು ಹೆದ್ದಾರಿಯಲ್ಲಿ ಓಡಿಸುತ್ತಿದ್ದ ಜೀಪ್ ಚೆರೊಕಿಯ ವೇಗವನ್ನು ಮನೆಯಲ್ಲಿಯೇ ಕುಳಿತು ಕುಗ್ಗಿಸಿದರು. ಪ್ರಯೋಗಕ್ಕೆ ಪತ್ರಕರ್ತರ ಒಪ್ಪಿಗೆಯಿತ್ತು. ಎದೆಗುದಿಯನ್ನು ಒಪ್ಪಿಗೆ ತಡೆಯಲಾರದಷ್ಟೆ. ಸುಮಾರು 14 ಲಕ್ಷ ವಾಹನಗಳನ್ನು ದುರಸ್ತಿಗೆ ಕರೆಯಬೇಕಾಯಿತು. ಅದೇನೂ ವಿದ್ಯುತ್ ಕಾರಲ್ಲ. ದೋಷವಿದ್ದುದು ಇಂಧನದಲ್ಲಲ್ಲ, ನಂಟಿನಲ್ಲಿ.

ಹಾಗೆಂದು ನಂಟನ್ನೇ ಹಳಿಯುವುದು ನ್ಯಾಯವಲ್ಲ. 2016ರಲ್ಲಿ ಚೀನದ ಕೀನ್ ಪ್ರಯೋಗಾಲಯದವರು ಟೆಸ್ಲಾ ಕಾರಿನ ಬ್ರೇಕನ್ನು ಮೈಲಿಗಳಾಚೆಯಿಂದ ಒತ್ತಿ ತೋರಿದಾಗ, ಅದಕ್ಕೆ ಮದ್ದು ಅದೇ ಗಾಳಿದಾರಿಯಲ್ಲಿ ಕೆಲವೇ ದಿನಗಳಲ್ಲಿ ಕಾರುಗಳನ್ನು ತಲಪಿತು.

ಬ್ರೇಕಿನ ಭಯ ನಾಟಕೀಯವಾದುದು. ನನ್ನ ಎಣಿಕೆಯಲ್ಲಿ ಕೊಡಗಿನಂಥ ಸೀಮೆಗೆ ಹೆಚ್ಚಿನ ಅಳುಕು ಬೇರೆಡೆಯಿದೆ. 2024ರ ಡಿಸೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಬಳಗದ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಕಾವಲಿಲ್ಲದೆ ಬಿದ್ದಿದ್ದುದು ಬಯಲಾಯಿತು. ಅವುಗಳಲ್ಲಿ ಅರ್ಧಕ್ಕೂ ಮಿಕ್ಕ ಕಾರುಗಳು ಎಲ್ಲಿ ನಿಂತಿದ್ದುವೆಂಬ ವಿವರ ಕರಾರುವಾಕ್ಕಾಗಿತ್ತು. ಇಲ್ಲಿ ಒಂದು ತೋಟದ ಬಂಗಲೆಗೂ ಇನ್ನೊಂದಕ್ಕೂ ಕೂಗಳತೆ ಮೀರಿದ ದೂರ. ಮನೆಯವರು ಮೈಸೂರಿಗೆ ಹೋಗಿ ಎರಡು ರಾತ್ರಿಯಾಯಿತೆಂಬುದನ್ನು ನೆರೆಯವನು ತಿಳಿಯುವ ಮೊದಲೇ ಅಪರಿಚಿತನೊಬ್ಬ ತಿಳಿಯುವುದೆಂದರೆ, ಕಳ್ಳನಿಗೆ ಪಂಚಾಂಗ ಒದಗಿಸಿದಂತೆ.

ವಿಶ್ವಸಂಸ್ಥೆಯ ಆಶ್ರಯದಲ್ಲಿ 2020ರಲ್ಲಿ ಸಿದ್ಧವಾದ 155ನೆಯ ನಿಯಮ, ಕಾರು ತಯಾರಕರು ಇಂಥ ಅಪಾಯಗಳನ್ನು ಮೊದಲೇ ಹುಡುಕಿ ತಡೆಯಬೇಕೆಂದು ವಿಧಿಸುತ್ತದೆ; ಯುರೋಪು ಅದನ್ನು 2024ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ ಮಾಡಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಭಾರತವೂ 2023ರಲ್ಲಿ ಕಾನೂನು ಮಾಡಿದೆ. ಆದರೆ ಮನೆಯಂಗಳದಲ್ಲಿ ನಡೆಯುವ ಒಂದು ವ್ಯವಹಾರಕ್ಕೆ ಕಾನೂನಿನವರೆಗೆ ಹೋಗಬೇಕಾಗಿಲ್ಲ. ಹಳೆಯ ಕಾರನ್ನು ಕೊಂಡವರು ಆರ್.ಸಿ.ಯಲ್ಲಿ ಹೆಸರು ಬದಲಾಯಿಸಿಕೊಳ್ಳುತ್ತಾರೆ, ಎರಡು ಕೀಲಿಕೈಗಳನ್ನೂ ಎಣಿಸಿ ಪಡೆಯುತ್ತಾರೆ. ಮಾರಿದವನ ಫೋನಿನಲ್ಲಿ ಆ ಕಾರಿನ ಖಾತೆ ಹಾಗೆಯೇ ಉಳಿದಿದ್ದರೆ, ಮೂರನೆಯ ಕೀಲಿಕೈಯೊಂದು ಅವನ ಜೇಬಿನಲ್ಲಿಯೇ ಇದೆ.