ಮಾದಾವರದವರೆಗೆ ಬಂದ ಹಳಿ

2024ರ ಫೆಬ್ರುವರಿ ಕೊನೆಯಲ್ಲಿ ಒಂದು ವಿಡಿಯೊ ಊರೂರು ಸುತ್ತಿತು. ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣ. ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರು ತಪಾಸಣೆಯ ಹತ್ತಿರ ನಿಂತಿದ್ದಾರೆ. ಟಿಕೆಟ್ ತೆಗೆದುಕೊಂಡಿದ್ದಾರೆ. ಬಟ್ಟೆ ಕೊಳೆಯಾಗಿದೆ ಅಂತ ಒಳಗೆ ಬಿಡುತ್ತಿಲ್ಲ. ಮೆಟ್ರೊ ವಿಐಪಿಗಳಿಗೆ ಮಾತ್ರವೋ ಎಂದು ಪಕ್ಕದಲ್ಲಿದ್ದವರು ಜಗಳಕ್ಕೆ ನಿಂತರು, ಬಿಡಿಸಿಕೊಂಡೇ ಒಳಗೆ ಕರೆದೊಯ್ದರು. ಮೆಟ್ರೊ ನಿಗಮ ವಿಷಾದ ಹೇಳಿ, ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು.

ತುರುವೇಕೆರೆ ತಾಲ್ಲೂಕಿನ ನಮ್ಮ ದಬ್ಬೇಘಟ್ಟದ ಕಡೆಯವರಿಗೆ ಇದನ್ನು ನೋಡಿ ಹೊಟ್ಟೆ ಉರಿಯದೆ ಇರುತ್ತದೆಯೇ? ನಾವು ಬೆಂಗಳೂರಿಗೆ ಬರಿಗೈಲಿ ಹೋಗುವ ಜನವಲ್ಲ. ಮಗಳ ಮನೆಗೆ ಹತ್ತು ಕಾಯಿ, ಒಂದಿಷ್ಟು ಕೊಬ್ಬರಿ, ಕಾಲವಾದರೆ ಸೊಗಡಿನ ಅವರೆಕಾಯಿ, ಎಲ್ಲ ಒಂದು ಗೊಬ್ಬರದ ಚೀಲಕ್ಕೆ ತುಂಬಿ ಬಾಯಿ ಹೊಲಿದಿರುತ್ತದೆ. ಆ ರೈತರನ್ನು ತಡೆದ ನಿಲ್ದಾಣ ಇರುವುದು ನಾವು ಹತ್ತುವ ಹಸಿರು ಮಾರ್ಗದಲ್ಲೇ.

ಈ ಮಾರ್ಗ ತುಮಕೂರು ರಸ್ತೆಗೆ ಹೇಗೆ ಬಂತು ಎಂಬುದೇ ಒಂದು ಕಥೆ. ಮೊದಲ ನಕ್ಷೆಯಲ್ಲಿ ನಾವು ಇರಲೇ ಇಲ್ಲ.

ಬೆಂಗಳೂರಿಗೆ ಇಂಥ ರೈಲು ಬೇಕೆಂಬ ಮಾತು ಎಂಬತ್ತರ ದಶಕದ್ದು. ಶಂಕರ್‌ನಾಗ್ ಆ ಕನಸು ಕಂಡವರಲ್ಲಿ ಒಬ್ಬರು. 1990ರಲ್ಲಿ ಆನಗೋಡು ಬಳಿಯ ಅಪಘಾತ ಅವರನ್ನು ಕಿತ್ತುಕೊಂಡಿತು. 1994ರಲ್ಲಿ ಲಘು ರೈಲಿಗೆಂದು ಒಂದು ಕಂಪನಿ ಹುಟ್ಟಿತು, ಕಡತ ಬೆಳೆಯಿತು, ರೈಲು ಬರಲಿಲ್ಲ. ದೆಹಲಿ ಮೆಟ್ರೊದವರು 2003ರಲ್ಲಿ ವಿಸ್ತೃತ ಯೋಜನಾ ವರದಿ ಬರೆದುಕೊಟ್ಟರು. ಅದರಲ್ಲಿದ್ದದ್ದು 33 ಕಿ.ಮೀ. ಪೂರ್ವ ಪಶ್ಚಿಮಕ್ಕೆ ಬೈಯಪ್ಪನಹಳ್ಳಿಯಿಂದ ಮೈಸೂರು ರಸ್ತೆ. ಉತ್ತರದ ತುದಿ ಯಶವಂತಪುರ. ಅಂದರೆ ಎಪಿಎಂಸಿ ಯಾರ್ಡಿನ ಬಾಗಿಲಿಗೆ ಬಂದು ಊರು ಮುಗಿಯಿತು ಎಂದುಕೊಂಡಿದ್ದರು. ಪೀಣ್ಯ, ದಾಸರಹಳ್ಳಿಗಳಲ್ಲಿ ಶಿಫ್ಟು ಮುಗಿಸಿ ಬಸ್ಸಿಗೆ ನೇತಾಡುವವರ ನೆನಪು ಬಂದದ್ದು ಆಮೇಲೆ. ಆಗ ನಾಗಸಂದ್ರದವರೆಗೂ ಗೆರೆ ಎಳೆದರು.

2006ರ ಜೂನ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ಅದೇ ಹೊತ್ತಿಗೆ ದುಬೈನಲ್ಲೂ ಮೆಟ್ರೊ ಕೆಲಸ ನಡೆದಿತ್ತು. 2005ರಲ್ಲಿ ಗುತ್ತಿಗೆ, 2009ರ ಸೆಪ್ಟೆಂಬರ್ 9ಕ್ಕೆ 52 ಕಿ.ಮೀ. ಕೆಂಪು ಮಾರ್ಗದಲ್ಲಿ ಚಾಲಕನಿಲ್ಲದ ರೈಲು. ಮೊದಲ ದಿನ ತೆರೆದದ್ದು ಹತ್ತೇ ನಿಲ್ದಾಣ, ತಾರೀಖು ಮಾತ್ರ ತಪ್ಪಲಿಲ್ಲ. ಅಲ್ಲಿ ದೊರೆಯ ಮಾತೇ ಕಾನೂನು, ನಮ್ಮಲ್ಲಿ ಜಾಗ, ಮರ, ಕೋರ್ಟು ಎಲ್ಲವನ್ನೂ ದಾಟಿ ಬರಬೇಕು, ನಿಜ. ಎಂ.ಜಿ. ರಸ್ತೆಯ ಬುಲೆವಾರ್ಡಿನ ಮರಗಳಿಗಾಗಿ ಜನ ಬೀದಿಗಿಳಿದದ್ದನ್ನು ನಾನು ತಪ್ಪೆನ್ನಲಾರೆ. ಆ ನೆರಳು ಹೋಯಿತು, ಮತ್ತೆ ಬರುವುದಿಲ್ಲ. 2011ರ ಅಕ್ಟೋಬರ್ 20ರಂದು ಅಲ್ಲಿಂದ ಬೈಯಪ್ಪನಹಳ್ಳಿಗೆ 6.7 ಕಿ.ಮೀ. ಓಡಿತು. ಮೊದಲ ಹಂತದ 42.3 ಕಿ.ಮೀ. ಪೂರ್ತಿಯಾದದ್ದು 2017ರ ಜೂನ್‌ನಲ್ಲಿ.

ನಮ್ಮ ದಿಕ್ಕಿಗೆ 2014ರಲ್ಲಿ ಪೀಣ್ಯ ಇಂಡಸ್ಟ್ರಿ, 2015ರಲ್ಲಿ ನಾಗಸಂದ್ರ. ಅಲ್ಲಿಂದ ಮಾದಾವರಕ್ಕೆ ಬರಬೇಕಾದದ್ದು ಬರೀ 3.14 ಕಿ.ಮೀ., ಮಂಜುನಾಥನಗರ, ಚಿಕ್ಕಬಿದರಕಲ್ಲು, ಮಾದಾವರ ಎಂಬ ಮೂರೇ ನಿಲ್ದಾಣ. 2017ರಲ್ಲಿ ಹಿಡಿದ ಕೆಲಸ. ಅಷ್ಟು ವರ್ಷ ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಬೋಳು ಕಂಬಗಳದೇ ದರ್ಶನ. ದುಬೈಯವರು 52 ಕಿ.ಮೀ.ಗೆ ತೆಗೆದುಕೊಂಡ ಕಾಲ ಇದಕ್ಕೆ ಸಾಲಲಿಲ್ಲ. ಕಡೆಗೆ 2024ರ ನವೆಂಬರ್ 7ರಂದು ರೈಲು ಓಡಿದಾಗ ಉಪಚುನಾವಣೆಯ ನೀತಿಸಂಹಿತೆ; ಉದ್ಘಾಟನೆಯ ಸಮಾರಂಭವೂ ಇಲ್ಲ. ಹಾರ ತುರಾಯಿ ಇಲ್ಲದೆ ಶುರುವಾದದ್ದೇ ನನಗೆ ಹಿಡಿಸಿತು.

ಮೂರು ತಿಂಗಳಿಗೆ, 2025ರ ಫೆಬ್ರುವರಿಯಲ್ಲಿ, ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ದೊಡ್ಡ ಲಗೇಜಿಗೆ ಬೇರೆ 30 ರೂಪಾಯಿ ಟಿಕೆಟ್. ಸೂಟ್‌ಕೇಸಿನವರಿಗೆ ಅದು ಏನೂ ಅಲ್ಲ, ಕಾಯಿಚೀಲದವರು ಲೆಕ್ಕ ಹಾಕುತ್ತಾರೆ.

ಇನ್ನು ತುಮಕೂರು ಮೆಟ್ರೊ. ರೈತರ ವಿಡಿಯೊ ಬಂದ ತಿಂಗಳೇ, 2024ರ ಫೆಬ್ರುವರಿ 16ರ ಬಜೆಟ್‌ನಲ್ಲಿ, ಮಾದಾವರದಿಂದ ತುಮಕೂರಿಗೆ ಖಾಸಗಿ ಸಹಭಾಗಿತ್ವದಲ್ಲಿ ಮಾರ್ಗ ಒಯ್ಯುವ ಕಾರ್ಯಸಾಧ್ಯತಾ ವರದಿಯ ಪ್ರಸ್ತಾಪವಾಯಿತು. ಐವತ್ತು ಕಿ.ಮೀ. ಮೀರಿದ ದಾರಿ. ಸಭೆಗಳಲ್ಲಿ ಚಪ್ಪಾಳೆ ಗ್ಯಾರಂಟಿ. ಆದರೆ ಹಳಿ ಅಲ್ಲಿ ಈಗಾಗಲೇ ಇಲ್ಲವೇ? ಬೆಂಗಳೂರು–ತುಮಕೂರು–ತಿಪಟೂರು–ಅರಸೀಕೆರೆ ರೈಲು ಹತ್ತೊಂಬತ್ತನೇ ಶತಮಾನದ ಕೊನೆಗೇ ಬಂದಿತ್ತು. ನಮ್ಮ ತಾಲ್ಲೂಕಿನ ಅಂಚಿಗೆ ಅಮ್ಮಸಂದ್ರ, ಬಾಣಸಂದ್ರ ನಿಲ್ದಾಣಗಳಿವೆ. ಬೆಳಗ್ಗೆ ಸಂಜೆ ಅಲ್ಲಿ ನಿಲ್ಲುವ ಗಾಡಿ ಹೆಚ್ಚಿಸಿ ಅಂದರೆ ಯಾವ ಬಜೆಟ್ಟಿಗೂ ಕೇಳಿಸದು.

ಮೆಟ್ರೊ ವಿಷಯಕ್ಕೆ ಬಂದರೆ, ತಿಪಟೂರು, ಚಿಕ್ಕನಾಯಕನಹಳ್ಳಿಯವರಿಗಾದರೂ ತುಮಕೂರು ದಾರಿಯಲ್ಲಿ ಸಿಗುತ್ತದೆ. ದಬ್ಬೇಘಟ್ಟದಿಂದ ತುರುವೇಕೆರೆಗೆ ಬಂದು ಬೆಂಗಳೂರು ಬಸ್ ಹತ್ತಿದವರು ಮಾಯಸಂದ್ರ, ಯಡಿಯೂರು, ಕುಣಿಗಲ್ ಮೇಲೆ ನೆಲಮಂಗಲಕ್ಕೆ ಬರುತ್ತಾರೆ. ಅವರು ತುಮಕೂರಿನ ಮುಖವನ್ನೇ ನೋಡುವುದಿಲ್ಲ. ಆ ಮೆಟ್ರೊ ನಾಳೆಯೇ ಬಂದರೂ ನಾವು ಹತ್ತುವುದು ನೆಲಮಂಗಲಕ್ಕೆ ಬಂದ ಮೇಲೆಯೇ, ಚೀಲಕ್ಕೆ ಬೇರೆ ಟಿಕೆಟ್ ತೆಗೆಸಿ.