ಹುಂಜ ಕದ್ದ ಅಜ್ಜಿ ಕಾನ್‌ಗೆ ಹೋದಳು

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ನಂಬಿದ್ದ ಅಜ್ಜಿಯ ಕಥೆ ಕೇಳದ ಕನ್ನಡಿಗರು ಕಡಿಮೆ. ಊರಿನವರ ಮೇಲೆ ಸಿಟ್ಟು ಬಂದು ಒಂದು ದಿನ ಅವಳು ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಕಾಡಿಗೆ ಹೊರಟುಬಿಡುತ್ತಾಳೆ. ನಮ್ಮಮ್ಮ ಹೇಳುತ್ತಿದ್ದ ಕಥೆಯಲ್ಲಿ ಅಗ್ಗಿಷ್ಟಿಕೆಯನ್ನೂ ಹೊತ್ತೊಯ್ಯುತ್ತಿದ್ದಳು. ಬೆಂಕಿಯನ್ನೂ ಪಕ್ಕದ ಮನೆಯಿಂದ ತರುತ್ತಿದ್ದ ಕಾಲ ಅದು. ಮರುದಿನ ಕಾಡಿನ ದಾರಿಯಲ್ಲಿ ಸಿಕ್ಕಿದವನನ್ನು ಅಜ್ಜಿ ಕೇಳುತ್ತಾಳೆ: ‘ಏನಪ್ಪಾ, ಊರಿಗೆ ಬೆಳಗಾಯಿತೇ?’ ಅವನು ನಗುತ್ತಾನೆ. ಕೇಳುತ್ತಿದ್ದ ನಾವೂ ನಗುತ್ತಿದ್ದೆವು.

ಮೈಸೂರಿನ ಚಿದಾನಂದ ಎಸ್. ನಾಯ್ಕ್ ಇಂಥ ಕಥೆಗಳನ್ನು ಕೇಳಿ ಬೆಳೆದವರು. ವೈದ್ಯಕೀಯ ಓದಿದ ಮೇಲೆ ಸಿನಿಮಾ ಕಲಿಯಲು ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಗೆ ಸೇರಿದರು. ಅಲ್ಲಿನ ಟಿ.ವಿ. ವಿಭಾಗದಲ್ಲಿ ಒಂದು ವರ್ಷದ ಕೋರ್ಸು. ವರ್ಷದ ಕೊನೆಗೆ ಒಂದು ಪರೀಕ್ಷೆಯಿದೆ, ಆದರೆ ಪ್ರಶ್ನೆಪತ್ರಿಕೆ ಇಲ್ಲ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ ಹೀಗೆ ನಾಲ್ಕು ಬೇರೆ ಬೇರೆ ವಿದ್ಯೆ ಕಲಿಯುತ್ತಿರುವ ನಾಲ್ವರು ಸೇರಿ ಒಂದು ಕಿರುಚಿತ್ರ ಮಾಡಬೇಕು. ಚಿದಾನಂದರಿಗೆ ಜೊತೆಯಾದವರು ಕ್ಯಾಮೆರಾ ಹಿಡಿದ ಸೂರಜ್ ಠಾಕೂರ್, ಸಂಕಲನ ಮಾಡಿದ ಮನೋಜ್ ವಿ., ಶಬ್ದ ನೋಡಿಕೊಂಡ ಅಭಿಷೇಕ್ ಕದಂ.

ಚಿತ್ರೀಕರಣಕ್ಕೆ ಇದ್ದದ್ದು ನಾಲ್ಕೇ ದಿನ. ಈ ಕಥೆ ಬೇಡ ಎಂದು ಬುದ್ಧಿ ಹೇಳಿದವರೂ ಇದ್ದರಂತೆ. ಚಿತ್ರದ ಉದ್ದ 16 ನಿಮಿಷ. ಕೂಡಿ ಕಳೆಯುವ ಕೆಲಸದಲ್ಲೇ ಆಯುಷ್ಯ ಸವೆಸಿದ ನನಗೆ ಮೊದಲು ಕಂಡದ್ದು ಆ ಲೆಕ್ಕ. ದಿನಕ್ಕೆ ನಾಲ್ಕು ನಿಮಿಷದ ಸಿನಿಮಾ ಕೈಗೆ ಬರಬೇಕು, ಅದೂ ಕಲಿಯುವ ಹುಡುಗರಿಂದ.

‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಎಂಬುದು ಚಿತ್ರದ ಹೆಸರು. ಮೊದಲು ಗೊತ್ತಾದದ್ದು ಸೂರ್ಯಕಾಂತಿ ಹೂಗಳಿಗೆ ಎಂದು ಅರ್ಥ. ಹೆಸರು ಇಂಗ್ಲಿಷಿನದಾದರೂ ಪಾತ್ರಗಳ ಮಾತು ಕನ್ನಡ. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ‘ಲಾ ಸಿನೆಫ್’ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಅದು ವಿದ್ಯಾರ್ಥಿಗಳ ಚಿತ್ರಗಳಿಗೇ ಮೀಸಲಾದ ವಿಭಾಗ. ಜಗತ್ತಿನ 555 ಸಿನಿಮಾ ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆರಿಸಿದ್ದು 18 ಮಾತ್ರ. 125ರಲ್ಲಿ ಒಂದು ಎನ್ನಿ. ಆ ಹದಿನೆಂಟರಲ್ಲಿ ನಮ್ಮ ಕೋಳಿ ಅಜ್ಜಿ ಮೊದಲನೆಯವಳು! ಬಹುಮಾನ 15,000 ಯೂರೋ, ಅಂದರೆ ಆಗಿನ ದರದಲ್ಲಿ ಸುಮಾರು ಹದಿಮೂರೂವರೆ ಲಕ್ಷ ರೂಪಾಯಿ.

ಚಿದಾನಂದರು ಕಥೆಯನ್ನು ಇದ್ದಂತೆಯೇ ತೆರೆಗೆ ತರಲಿಲ್ಲ. ಅವರ ಚಿತ್ರದಲ್ಲಿ ಅಜ್ಜಿ ಊರಿನ ಹುಂಜವನ್ನು ಕದಿಯುತ್ತಾಳೆ, ನಿಜಕ್ಕೂ ಬೆಳಗಾಗುವುದೇ ಇಲ್ಲ! ಊರು ಕಂಗಾಲಾಗುತ್ತದೆ, ಅಜ್ಜಿಯ ಮನೆಯವರು ಊರು ಬಿಡಬೇಕಾಗುತ್ತದೆ. ಅಜ್ಜಿ ಹೇಳಿದ್ದೇ ನಿಜವಾಗಿದ್ದರೆ ಏನಾಗುತ್ತಿತ್ತು? ಇದನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ, ನಕ್ಕು ಮಲಗಿಬಿಡುತ್ತಿದ್ದೆವು. ಯಾವ ಕ್ಯಾಮೆರಾ, ಯಾವ ಲೆನ್ಸು ಎಂಬ ಮಾತು ಬರುವುದು ಈ ಪ್ರಶ್ನೆಯ ನಂತರ.

ಬೆಳಗಾಗದ ಕಥೆ ಎಂದ ಮೇಲೆ ಚಿತ್ರೀಕರಣವೆಲ್ಲ ರಾತ್ರಿಯಲ್ಲೇ ಆಗಬೇಕು. ಮೊಬೈಲಿನಲ್ಲಿ ರಾತ್ರಿ ಚಿತ್ರ ತೆಗೆದ ಮಕ್ಕಳಿಗೆ ಗೊತ್ತು, ಕತ್ತಲೆಯಲ್ಲಿ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ. ಕತ್ತಲೆಯನ್ನು ತೋರಿಸಲೂ ಬೆಳಕು ಬೇಕು. ಈ ವಿದ್ಯೆಯಲ್ಲಿ ದೊಡ್ಡ ಹೆಸರು ಮಾಡಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋದವರು, ಪಿಟೀಲನ್ನೂ ನುಡಿಸುತ್ತಿದ್ದವರು. 1959ರಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಲ್ಲಿ ಹಿಡಿದು, ಅದನ್ನು ಒಳಗಿನ ಇನ್ನೊಂದು ಕನ್ನಡಿಗೆ ಹಾಯಿಸಿ, ಕತ್ತಲ ಸ್ಟುಡಿಯೋದಲ್ಲಿ ಬೆಳಕಿನ ಕೋಲೊಂದನ್ನು ನಿಲ್ಲಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಕೊನೆಯ ದಿನಗಳನ್ನು ಇಲ್ಲೇ ನಮ್ಮ ಶಂಕರಪುರದಲ್ಲಿ ಕಳೆದರು.

ಈ ಕನ್ನಡಿಯ ಕಥೆಯನ್ನು ನಾನು ಹೇಳಿದ್ದು ಕಳೆದ ಬೇಸಿಗೆ ರಜೆಯಲ್ಲಿ, ಜಯನಗರದ ನಮ್ಮ ಮನೆಗೆ ಬಂದ ಮೊಮ್ಮಗಳಿಗೆ. ಅವಳೂ ಅಕ್ಕಪಕ್ಕದ ಮೂವರು ಮಕ್ಕಳೂ ಸೇರಿ ಮೊಬೈಲಿನಲ್ಲಿ ಸಿನಿಮಾ ತೆಗೆಯುತ್ತಿದ್ದರು. ತಾತನ ಪಾಸ್‌ಬುಕ್ ಕಳೆದುಹೋಗಿದೆ, ಅಕ್ಕಿ ಡಬ್ಬಿಯಲ್ಲಿ ಸಿಗುತ್ತದೆ. ಇಷ್ಟೇ ಕಥೆ, ತಾತನ ಪಾತ್ರ ನನ್ನದು. ಬಚ್ಚಲಮನೆಯ ಕನ್ನಡಿಯನ್ನೇ ಬಿಚ್ಚಿ ತಂದರು! ಅದರ ಬೆಳಕಿಗೆ ನನಗೆ ಕಣ್ಣು ಬಿಡಲಾಗಲಿಲ್ಲ. ಕನ್ನಡಿಯ ಬದಲು ಬಿಳಿ ಥರ್ಮಾಕೋಲ್ ಹಾಳೆ ಹಿಡಿದಾಗ ಮುಖದ ಮೇಲೆ ಮೆತ್ತನೆಯ ಬೆಳಕು ಬಿತ್ತು.

ಆ ಐದು ದಿನಗಳಲ್ಲಿ ಅವರು ಕಲಿತದ್ದನ್ನು ನಾನು ಕುರ್ಚಿಯಲ್ಲಿ ಕುಳಿತೇ ಕಲಿತೆ. ಮಾತುಕತೆಯ ದೃಶ್ಯದಲ್ಲಿ ಕ್ಯಾಮೆರಾ ಇಬ್ಬರ ಒಂದೇ ಪಕ್ಕದಲ್ಲಿ ಇರಬೇಕಂತೆ. ಕ್ರಿಕೆಟ್ ಮೈದಾನದ ಎದುರುಬದಿಯಿಂದ ತೆಗೆದ ಚಿತ್ರ ನಡುವೆ ತೋರಿಸಿದರೆ ಬ್ಯಾಟುಗಾರ ಯಾವ ಕಡೆ ಓಡುತ್ತಿದ್ದಾನೆ ಎಂದು ಗೊಂದಲವಾಗುತ್ತದಲ್ಲ, ಹಾಗೆ. ನಾನು ಮೊಮ್ಮಗಳ ಮುಖ ನೋಡಿ ಮಾತಾಡಿದ್ದು, ಕ್ಯಾಮೆರಾ ಪಕ್ಕ ಬದಲಿಸಿದ ಕೂಡಲೇ ಇಬ್ಬರೂ ಗೋಡೆ ನೋಡಿ ಮಾತಾಡಿದಂತೆ ಕಂಡಿತು. ಗೋಡೆಯ ಗಡಿಯಾರವಂತೂ ಒಂದೇ ಮಾತಿನ ನಡುವೆ ಹತ್ತೂಕಾಲಿನಿಂದ ನಾಲ್ಕೂವರೆಗೆ ಹಾರಿತ್ತು. ಮರುದಿನದಿಂದ ಮೊಮ್ಮಗಳು ಒಂದು ನೋಟ್‌ಬುಕ್ ಇಟ್ಟಳು. ಪ್ರತಿ ಶಾಟಿಗೂ ಒಂದು ಸಾಲು: ಲೋಟದಲ್ಲಿ ಕಾಫಿ ಎಷ್ಟಿತ್ತು, ತಾತನ ಕನ್ನಡಕ ಮೂಗಿನ ಮೇಲಿತ್ತೇ, ಜೇಬಿನಲ್ಲಿತ್ತೇ. ಅಚ್ಚುಕಟ್ಟಾದ ಲೆಡ್ಜರು! ನನ್ನ ಇಡೀ ಸರ್ವೀಸಿನಲ್ಲಿ ಕಂಡ ಎಷ್ಟೋ ಪುಸ್ತಕಗಳಿಗಿಂತ ಚೆನ್ನಾಗಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಶಬ್ದ. ಕಣ್ಣು ಬೇಡದ್ದನ್ನು ಬಿಟ್ಟು ನೋಡುತ್ತದೆ, ಕಿವಿಯೂ ಹಾಗೆಯೇ. ಮೈಕಿಗೆ ಆ ಜಾಣತನ ಇಲ್ಲ. ಕುಕ್ಕರಿನ ಸೀಟಿ, ಪಕ್ಕದ ಮನೆಯ ಮಿಕ್ಸಿ, ಬೀದಿಯಲ್ಲಿ ಸೊಪ್ಪಿನವನ ಕೂಗು ಎಲ್ಲವೂ ನನ್ನ ಮಾತಿಗಿಂತ ಜೋರಾಗಿ ಬಂದಿದ್ದವು. ಶಬ್ದದ ಹೊಣೆ ಹೊತ್ತಿದ್ದವನು ಹನ್ನೊಂದು ವರ್ಷದ ಹುಡುಗ. ‘ತಾತಾ, ಎಲ್ಲರೂ ಅರ್ಧ ನಿಮಿಷ ಸುಮ್ಮನಿರಿ’ ಎಂದು ಖಾಲಿ ಕೋಣೆಯ ಸದ್ದನ್ನೇ ರೆಕಾರ್ಡ್ ಮಾಡಿಕೊಂಡ. ಕತ್ತರಿಸಿದ ಮಾತುಗಳ ನಡುವೆ ಆ ಮೌನವನ್ನು ತುಂಬಬೇಕಂತೆ, ಇಲ್ಲದಿದ್ದರೆ ಹೊಲಿಗೆ ಕೇಳಿಸುತ್ತದೆ. ಕೋಣೆಗೊಂದು ಮೌನ ಬೇರೆ ಎಂಬುದು ಎಪ್ಪತ್ತು ದಾಟಿದ ನನಗೆ ಅಂದೇ ತಿಳಿದದ್ದು. ಕ್ಲಾಪ್ ಹೊಡೆಯುವುದು ಶೋಕಿಗಲ್ಲ ಎಂಬುದೂ ಅವನಿಂದಲೇ ಗೊತ್ತಾಯಿತು. ಚಿತ್ರ ಒಂದು ಕಡೆ, ಧ್ವನಿ ಇನ್ನೊಂದು ಕಡೆ ದಾಖಲಾದಾಗ ‘ಟಪ್’ ಎಂಬ ಸದ್ದಿಗೂ ಹಲಗೆ ಮುಚ್ಚಿದ ಚಿತ್ರಕ್ಕೂ ತಾಳೆ ಹಾಕಿ ಎರಡನ್ನೂ ಕೂಡಿಸುತ್ತಾರೆ. ಹಲಗೆ ಇಲ್ಲದಿದ್ದರೆ ಚಪ್ಪಾಳೆಯೂ ಸಾಕು.

ವಿದ್ಯಾರ್ಥಿ ದೆಸೆಯ ಚಿತ್ರವನ್ನು ಆಟವೆಂದು ತಳ್ಳಿಹಾಕುವಂತಿಲ್ಲ. ತೀರ್ಥಹಳ್ಳಿ ಕಡೆಯ ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿ ಇದೇ ಪುಣೆಯ ಸಂಸ್ಥೆಗೆ ಹೋದವರು. ಅಲ್ಲಿ ಮಾಡಿದ ‘ಅವಶೇಷ್’ ಎಂಬ ಡಿಪ್ಲೊಮಾ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ 1977ರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ. ಒಬ್ಬರು ಫಾರ್ಮಸಿ, ಒಬ್ಬರು ವೈದ್ಯಕೀಯ! ನನ್ನ ಬಿ.ಕಾಂ. ಮಾತ್ರ ನನ್ನನ್ನು ನೆಟ್ಟಗೆ ಕೌಂಟರಿನ ಹಿಂದೆ ಕೂರಿಸಿತು.

ನಮ್ಮ ಕಡೆಯ ಮಕ್ಕಳಿಗೆ ಒಳ್ಳೆಯ ಸಿನಿಮಾ ನೋಡಲು ದೂರ ಹೋಗಬೇಕಾಗಿಲ್ಲ. 1971ರಲ್ಲಿ ಶುರುವಾದ ಸುಚಿತ್ರಾ ಫಿಲಂ ಸೊಸೈಟಿ ಬನಶಂಕರಿ ಎರಡನೇ ಹಂತದಲ್ಲೇ ಇದೆ, ಬಿ.ವಿ. ಕಾರಂತರ ಹೆಸರಿನ ರಸ್ತೆಯಲ್ಲಿ. ಒಂದು ಸಿನಿಮಾವನ್ನು ಧ್ವನಿ ಮುಚ್ಚಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಎರಡೂ ಬೇರೆ ಬೇರೆ ಸಿನಿಮಾ.

ಅಜ್ಜ ಅಜ್ಜಿಯರಿಗೂ ಇಲ್ಲಿ ಕೆಲಸವಿದೆ. ಅಗ್ಗಿಷ್ಟಿಕೆ ಹೊತ್ತ ಅಜ್ಜಿಯ ಕಥೆ ನಮ್ಮಮ್ಮನ ಬಾಯಲ್ಲಿ ಹೇಗೆ ಮುಗಿಯುತ್ತಿತ್ತು ಎಂಬುದು ನಮ್ಮ ಮನೆಯಲ್ಲಿ ಈಗ ಯಾರಿಗೂ ನೆನಪಿಲ್ಲ. ನನ್ನ ಹೆಂಡತಿ ಹೇಳುವುದು ಬೇರೆ, ಅವಳ ತೌರಿನ ಕಡೆಯದು. ಅದರಲ್ಲಿ ಹುಂಜಕ್ಕೆ ಒಂದು ಹೆಸರೂ ಇದೆ. ಮೊಮ್ಮಗಳು ಅದನ್ನು ಪೂರ್ತಿ ರೆಕಾರ್ಡ್ ಮಾಡಿಕೊಂಡಿದ್ದಾಳೆ, ಹದಿನಾಲ್ಕು ನಿಮಿಷ. ನೀವು ಮಾಡುವುದಾದರೆ ಫ್ಯಾನ್ ಆರಿಸಿ, ಮೊಬೈಲನ್ನು ಅಜ್ಜಿಯ ಬಾಯಿಗೆ ಒಂದು ಗೇಣು ದೂರದಲ್ಲಿಡಿ, ನಡುವೆ ಬಾಯಿ ಹಾಕಬೇಡಿ. ಅಜ್ಜಿ ಮಾತು ನಿಲ್ಲಿಸಿದ ಮೇಲೂ ಅರ್ಧ ನಿಮಿಷ ಹಾಗೇ ಓಡಲಿ.