ಉಕ್ಕಿನ ಕುಲುಮೆಗೆ ತಳದಿಂದ ಆಮ್ಲಜನಕ

ಮಂಗಳೂರು: ವಾಮಂಜೂರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 169 ಕಾರ್ಕಳ, ಶೃಂಗೇರಿಗಳ ಮೂಲಕ ಶಿವಮೊಗ್ಗ ಸೇರುತ್ತದೆ. ಅದರಾಚೆಗೆ ಉಕ್ಕಿನ ಊರು ಭದ್ರಾವತಿ. ಇತ್ತ ನಗರದ ಪಣಂಬೂರಿಗೆ ಕುದುರೆಮುಖದ ಅದಿರು ಕೊಳವೆಮಾರ್ಗದಲ್ಲಿ ಹರಿದು ಬರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಅಂತ್ಯಕ್ಕೆ ಆ ಗಣಿ ನಿಂತಿತು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಗೂ ತಡೆ ಬಿತ್ತು. ಅದಿರಿಗೆ ಇಷ್ಟೊಂದು ಬೆಲೆ ತೆತ್ತ ನಾಡಿನಲ್ಲಿ, ಕುಲುಮೆಯೊಳಗೆ ಎಷ್ಟು ಕಬ್ಬಿಣ ಕಿಟ್ಟದ ಪಾಲಾಗುತ್ತದೆ ಎಂಬುದು ಕೇವಲ ತಂತ್ರಜ್ಞರ ಪ್ರಶ್ನೆಯಲ್ಲ.

ಊದುಕುಲುಮೆಯಿಂದ ಬರುವ ದ್ರವ ಕಬ್ಬಿಣದಲ್ಲಿ ಶೇ. 4ರಷ್ಟು ಇಂಗಾಲವಿರುತ್ತದೆ. ಅದನ್ನು ಸುಟ್ಟು ತೆಗೆದರೆ ಉಕ್ಕು. 1856ರಲ್ಲಿ ಹೆನ್ರಿ ಬೆಸೆಮರ್ ಪಾತ್ರೆಯ ತಳದಿಂದ ಗಾಳಿ ಊದಿ ಇದನ್ನು ಸಾಧಿಸಿದರು. ಆದರೆ ಗಾಳಿಯಲ್ಲಿನ ಸಾರಜನಕ ಉಕ್ಕಿಗೆ ಸೇರಿ ಅದನ್ನು ಪೆಡಸಾಗಿಸುತ್ತಿತ್ತು. ಶುದ್ಧ ಆಮ್ಲಜನಕ ಊದೋಣವೆಂದರೆ, ಅದರ ಕಾವಿಗೆ ತಳವೇ ಬೇಗ ಸವೆದುಹೋಗುತ್ತಿತ್ತು. ಆದ್ದರಿಂದಲೇ 1952ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಆರಂಭವಾದ ಎಲ್.ಡಿ. ವಿಧಾನ ಮೇಲಿನಿಂದ ಊದುವ ದಾರಿ ಹಿಡಿಯಿತು. ಭದ್ರಾವತಿಯಲ್ಲೂ ಬಳಕೆಗೆ ಬಂದದ್ದು ಇದೇ.

ತಳದ ಸಮಸ್ಯೆಗೆ ಪರಿಹಾರ ಸಿಕ್ಕಿದ್ದು ಕೆನಡಾದ ಗೈ ಸವಾರ್ ಮತ್ತು ರಾಬರ್ಟ್ ಲೀ ಅವರಿಂದ. ಒಂದರೊಳಗೊಂದು ಎರಡು ಕೊಳವೆ. ಒಳಗಿನದರಲ್ಲಿ ಆಮ್ಲಜನಕ, ಸುತ್ತಲಿನ ಸಂದಿಯಲ್ಲಿ ಪ್ರೊಪೇನ್‌ನಂತಹ ಇಂಧನಾನಿಲ. ಉರಿಸಲೆಂದೇ ಇರುವ ಅನಿಲ ಇಲ್ಲಿ ತಂಪೆರೆಯುತ್ತದೆ! ಕಾವಿಗೆ ಅದು ಒಡೆಯುವಾಗ ಶಾಖವನ್ನು ಹೀರುವುದರಿಂದ ಕೊಳವೆಯ ಬಾಯಿ ಉಳಿದುಕೊಳ್ಳುತ್ತದೆ. 1960ರ ದಶಕದ ಕೊನೆಯಲ್ಲಿ ಜರ್ಮನಿಯ ಮ್ಯಾಕ್ಸ್‌ಹ್ಯೂಟೆ ಕಾರ್ಖಾನೆ ಇದನ್ನು ಅಳವಡಿಸಿತು. ಮುಂದಿನ ದಶಕದಲ್ಲಿ ಅಮೆರಿಕ, ಜಪಾನ್‌ಗಳೂ ಹಿಂಬಾಲಿಸಿದವು.

ಪಾತ್ರೆಯ ಅನ್ನ ತಳದಿಂದ ಕುದಿದಂತೆ ಇಲ್ಲಿ ಲೋಹವೆಲ್ಲ ಕಲಕಿ ಬೆರೆಯುತ್ತದೆ. ಕಬ್ಬಿಣ ವೃಥಾ ಉರಿದು ಕಿಟ್ಟ ಸೇರುವುದು ಕಡಿಮೆ. ಇಂಗಾಲವನ್ನು ತೀರ ಕೆಳಮಟ್ಟಕ್ಕೆ ಇಳಿಸಬಹುದು. ತೊಡಕುಗಳೂ ಇವೆ. ಇಂಧನಾನಿಲದ ಜಲಜನಕ ಉಕ್ಕಿಗೆ ಸೇರುವುದರಿಂದ ಕೊನೆಯಲ್ಲಿ ಬೇರೆ ಅನಿಲ ಹಾಯಿಸಿ ಅದನ್ನು ಹೊರಹಾಕಬೇಕು. ಗುಜರಿ ಕಬ್ಬಿಣ ಕರಗಿಸುವ ಸಾಮರ್ಥ್ಯವೂ ತುಸು ಕಡಿಮೆ. ಪಾತ್ರೆಯ ಉಳಿದ ಭಾಗಕ್ಕಿಂತ ತಳವೇ ಮೊದಲು ಸವೆಯುತ್ತದೆ.

ಹೀಗಾಗಿ ಇಂದು ಹೆಚ್ಚು ಕಾರ್ಖಾನೆಗಳು ನೆಚ್ಚಿಕೊಂಡಿರುವುದು ಮಿಶ್ರ ವಿಧಾನವನ್ನು: ಮೇಲಿನಿಂದ ಆಮ್ಲಜನಕ, ತಳದಿಂದ ಕಲಕಲು ಆರ್ಗಾನ್ ಅಥವಾ ಸಾರಜನಕ. ಹಳೆಯ ಎಲ್.ಡಿ. ಪಾತ್ರೆಗಳಿಗೂ ಇದನ್ನು ಜೋಡಿಸಬಹುದು, ಪೂರ್ತಿ ತಳವನ್ನು ಬದಲಿಸುವಷ್ಟು ವೆಚ್ಚ ಬೀಳುವುದಿಲ್ಲ.